ಮೊಬೈಲ್ ಫೋನಿನ ಕಾರ್ಯವ್ಯವಸ್ಥೆಯ ನವೀಕರಣ: ರೈತರು ತಿಳಿದಿರಬೇಕಾದ ವಿಷಯಗಳು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ರೈತರ ಕಿಸೆಯಲ್ಲಿ ಇಂದು ಮೊಬೈಲ್ ಫೋನು ಕುಡಗೋಲಿನಷ್ಟೇ ಸಾಮಾನ್ಯವಾದ ಉಪಕರಣ. ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಯುವ ಈ ಭಾಗದಲ್ಲಿ ಪೇಟೆ ಧಾರಣಿ ಕೇಳುವುದಕ್ಕೂ ಬ್ಯಾಂಕಿನ ಹಣ ನೋಡುವುದಕ್ಕೂ ಅದೇ ಬೇಕು. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಫೋಟೋ ಸಹಿತ ಬೆಳೆ ಸಮೀಕ್ಷೆ ಆ್ಯಪ್ ಮೂಲಕ ದಾಖಲಿಸುವ ಪದ್ಧತಿ ರಾಜ್ಯದಲ್ಲಿ ಬಂದಿದೆ. ಪಿ.ಎಂ. ಕಿಸಾನ್ ಯೋಜನೆಯ ಇ-ಕೆವೈಸಿಯನ್ನು 2023ರಿಂದ ಫೋನಿಗೆ ಮುಖ ತೋರಿಸಿ ಮನೆಯಲ್ಲಿಯೇ ಮುಗಿಸಬಹುದಾಗಿದೆ. ಇಷ್ಟೆಲ್ಲ ಕೆಲಸ ಮಾಡುವ ಈ ಉಪಕರಣದ ಆರೈಕೆಯ ಕಡೆಗೆ ಮಾತ್ರ ನಮ್ಮ ಗಮನ ಕಡಿಮೆ. 'ಹೊಸ ಅಪ್‌ಡೇಟ್ ಲಭ್ಯವಿದೆ' ಎಂಬ ಸೂಚನೆ ಬಂದಾಗ ಹೆಚ್ಚಿನವರು 'ನಂತರ' ಎಂದು ಒತ್ತಿ ಸುಮ್ಮನಾಗುತ್ತಾರೆ. ಫೋನು ಕೆಟ್ಟೀತು, ಫೋಟೋಗಳು ಹೋದಾವು ಎಂಬ ಅಂಜಿಕೆಯೂ ಇದಕ್ಕೆ ಕಾರಣ.

ಕಾರ್ಯವ್ಯವಸ್ಥೆ ಎಂದರೇನು?

ಫೋನಿನ ಪರದೆ, ಕ್ಯಾಮೆರಾ, ಸಿಮ್, ಬ್ಯಾಟರಿ ಇವೆಲ್ಲವುಗಳಿಂದ ಕೆಲಸ ತೆಗೆದುಕೊಳ್ಳುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆ ಎನ್ನುತ್ತಾರೆ. ವಾಟ್ಸಾಪ್, ಬ್ಯಾಂಕ್ ಮುಂತಾದ ಆ್ಯಪ್‌ಗಳು ಅದರ ಮೇಲೆ ನಿಂತು ನಡೆಯುತ್ತವೆ. ನಮ್ಮ ಹಳ್ಳಿಗಳಲ್ಲಿರುವ ಫೋನುಗಳ ಪೈಕಿ ಹೆಚ್ಚಿನವು ಆಂಡ್ರಾಯ್ಡ್ ಎಂಬ ಕಾರ್ಯವ್ಯವಸ್ಥೆಯವು. 2018ರಲ್ಲಿ ಬಂದ 9ನೆಯ ಆವೃತ್ತಿಯವರೆಗೆ ಇದರ ಆವೃತ್ತಿಗಳನ್ನು ಸಿಹಿ ತಿನಿಸುಗಳ ಹೆಸರಿನಿಂದ ಕರೆಯುತ್ತಿದ್ದರು (ಗೋಕಾಕದ ಕರದಂಟಿಗೆ ಮಾತ್ರ ಆ ಭಾಗ್ಯ ಬರಲಿಲ್ಲ). 2019ರ 10ನೆಯ ಆವೃತ್ತಿಯಿಂದ ಅಂಕಿಯೇ ಹೆಸರು. 2025ರಲ್ಲಿ 16ನೆಯದು ಹೊರಬಂದಿತು.

ನವೀಕರಣದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಸುರಕ್ಷತಾ ತೇಪೆ. ಇದು ಗಾತ್ರದಲ್ಲಿ ಚಿಕ್ಕದು, ಕೆಲವು ಫೋನುಗಳಿಗೆ ತಿಂಗಳಿಗೊಮ್ಮೆ ಬರುತ್ತದೆ. ಎರಡನೆಯದು ಆವೃತ್ತಿಯ ಬದಲಾವಣೆ, ಅಂದರೆ 13 ಇದ್ದದ್ದು 14 ಆಗುವುದು. ಇದು ಗಾತ್ರದಲ್ಲಿ ದೊಡ್ಡದು, ಹೊಸ ಸೌಲಭ್ಯಗಳನ್ನು ತರುವಂಥದು.

ನವೀಕರಿಸದಿದ್ದರೆ ಏನಾಗುತ್ತದೆ?

ಉತ್ತರ ಭಾರತದಲ್ಲಿ ಬಹು ಹೆಸರು ಮಾಡಿದ್ದ ಕೊ 0238 ಕಬ್ಬಿನ ತಳಿ ಕೆಲವೇ ವರ್ಷಗಳಲ್ಲಿ ಕೆಂಪು ಕೊಳೆ ರೋಗಕ್ಕೆ ತುತ್ತಾದುದನ್ನು ನಮ್ಮ ಕಬ್ಬು ಬೆಳೆಗಾರರು ಬಲ್ಲರು. ತಳಿ ಬದಲಾಗಲಿಲ್ಲ, ರೋಗಾಣು ಬದಲಾಯಿತು. ಫೋನಿನ ವಿಷಯವೂ ಹೀಗೆಯೇ ಇದೆ. ಮೂರು ವರ್ಷದ ಹಿಂದೆ ಭದ್ರವಾಗಿದ್ದ ಕಾರ್ಯವ್ಯವಸ್ಥೆಯಲ್ಲಿ ಇಂದು ಯಾರೋ ಒಂದು ಸಂದು ಕಂಡುಹಿಡಿಯುತ್ತಾರೆ. ಆ ಸಂದನ್ನು ಮುಚ್ಚುವುದೇ ಸುರಕ್ಷತಾ ತೇಪೆಯ ಕೆಲಸ. ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಂಡವರು ಇದನ್ನು ಅಲಕ್ಷಿಸಬಾರದು. ಅಲ್ಲದೆ ತೀರ ಹಳೆಯ ಆವೃತ್ತಿಗಳ ಮೇಲೆ ಆ್ಯಪ್‌ಗಳೂ ಒಂದೊಂದಾಗಿ ನಿಲ್ಲುತ್ತವೆ. ಆಂಡ್ರಾಯ್ಡ್ 4.4 ಇದ್ದ ಫೋನುಗಳಲ್ಲಿ 2025ರ ಆರಂಭಕ್ಕೆ ವಾಟ್ಸಾಪ್ ನಿಂತುಹೋಯಿತು.

ಆದರೆ ಒಂದು ಮಾತು ಸ್ಪಷ್ಟವಿರಲಿ. ಮನೆಯ ಯಜಮಾನನೇ ಕದ ತೆರೆದು ಕಳ್ಳನನ್ನು ಒಳಗೆ ಕರೆದರೆ ಯಾವ ತೇಪೆಯೂ ಕಾಯಲಾರದು. ಪಿ.ಎಂ. ಕಿಸಾನ್ ಹೆಸರಿನ ನಕಲಿ ಆ್ಯಪ್ ಕಡತಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿ ದೇಶದ ಅನೇಕ ಕಡೆ ರೈತರ ಖಾತೆಗಳಿಂದ ಹಣ ಹೋಗಿದೆ. ಇಂಥ ಕಡತವನ್ನು ಒತ್ತಿ ಸ್ಥಾಪಿಸಿಕೊಂಡರೆ ಅದು ಸಂದೇಶಗಳನ್ನು ಓದುವ ಅನುಮತಿ ಪಡೆದು, ಬ್ಯಾಂಕಿನಿಂದ ಬರುವ ಓ.ಟಿ.ಪಿ.ಯನ್ನು ಕದಿಯುತ್ತದೆ. ಕಾರ್ಯವ್ಯವಸ್ಥೆಯ ನವೀಕರಣ ಎಂದೂ ವಾಟ್ಸಾಪಿನಲ್ಲಾಗಲಿ, ಸಂದೇಶದ ಕೊಂಡಿಯಲ್ಲಾಗಲಿ ಬರುವುದಿಲ್ಲ. ಅದು ದೊರೆಯುವುದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮಾತ್ರ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು.

ನವೀಕರಣ ಮಾಡುವ ಕ್ರಮ

ಮೊದಲು ಫೋಟೋಗಳು ಮತ್ತು ದೂರವಾಣಿ ಸಂಖ್ಯೆಗಳ ಪ್ರತಿಯನ್ನು ಗೂಗಲ್ ಖಾತೆಯಲ್ಲಾಗಲಿ, ಮೆಮೊರಿ ಕಾರ್ಡಿನಲ್ಲಾಗಲಿ ಇಟ್ಟುಕೊಳ್ಳಬೇಕು. ಸಾಮಾನ್ಯವಾಗಿ ನವೀಕರಣದಿಂದ ಏನೂ ಅಳಿಯುವುದಿಲ್ಲ. ಆದರೂ ಇದು ಬಿಡಬಾರದ ಕ್ರಮ. ನಂತರ ಫೋನಿನಲ್ಲಿ ಖಾಲಿ ಜಾಗ ಎಷ್ಟಿದೆ ನೋಡಬೇಕು. ಆವೃತ್ತಿ ಬದಲಾವಣೆಗೆ ಹಲವು ಜಿ.ಬಿ. ಜಾಗ ಬೇಕಾಗುತ್ತದೆ. ವಾಟ್ಸಾಪಿನಲ್ಲಿ ಬಂದು ಬಿದ್ದಿರುವ ಶುಭೋದಯದ ಚಿತ್ರಗಳನ್ನು ಅಳಿಸಿದರೆ ಅರ್ಧ ಕೆಲಸ ಆದಂತೆ!

ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಕರೆಂಟು ಇರುವ ಹೊತ್ತನ್ನು ನೋಡಿ ಚಾರ್ಜಿಗೆ ಹಚ್ಚಿಯೇ ಮಾಡುವುದು ಉತ್ತಮ. ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ ಇರುವವರು ದೊಡ್ಡ ನವೀಕರಣವನ್ನು ಒಂದೇ ದಿನ ಇಳಿಸಿಕೊಳ್ಳಲು ಆಗಲಿಕ್ಕಿಲ್ಲ. ಗಾತ್ರವನ್ನು ಪರದೆಯ ಮೇಲೆಯೇ ತೋರಿಸುತ್ತಾರೆ. ಅದನ್ನು ನೋಡಿ ಎರಡು ದಿನಕ್ಕೆ ಹಂಚಿಕೊಳ್ಳಬಹುದು, ಇಲ್ಲವೆ ವೈಫೈ ಇರುವಲ್ಲಿ ಮಾಡಬಹುದು.

ಸೆಟ್ಟಿಂಗ್ಸ್ ತೆರೆದು 'ಸಾಫ್ಟ್‌ವೇರ್ ಅಪ್‌ಡೇಟ್' ಎಂಬಲ್ಲಿಗೆ ಹೋಗಬೇಕು. ಕೆಲವು ಫೋನುಗಳಲ್ಲಿ ಇದು 'ಸಿಸ್ಟಮ್' ಅಥವಾ 'ಫೋನ್ ಕುರಿತು' ಎಂಬುದರ ಒಳಗೆ ಇರುತ್ತದೆ. ಇಳಿಸಿಕೊಂಡ ಮೇಲೆ ಫೋನು ತಾನೇ ಆರಿ ಮತ್ತೆ ಹೊತ್ತುತ್ತದೆ. ಆಗ ಗುಂಡಿ ಒತ್ತಿ ಆರಿಸಬಾರದು. ಈಚಿನ ಬಹಳಷ್ಟು ಫೋನುಗಳಲ್ಲಿ ಕಾರ್ಯವ್ಯವಸ್ಥೆ ಇಡಲು ಎರಡು ಪ್ರತ್ಯೇಕ ಜಾಗಗಳಿರುತ್ತವೆ. ಹಳೆಯದು ಒಂದರಲ್ಲಿ ನಡೆಯುತ್ತಿರುವಾಗಲೇ ಹೊಸದು ಇನ್ನೊಂದರಲ್ಲಿ ಸಿದ್ಧವಾಗುತ್ತದೆ. ಹೊಸದು ಸರಿಯಾಗಿ ಹೊತ್ತದಿದ್ದರೆ ಫೋನು ಹಳೆಯದಕ್ಕೇ ಮರಳುತ್ತದೆ. ಆದುದರಿಂದ ಮೊದಲಿನಷ್ಟು ಅಂಜುವ ಕಾರಣವಿಲ್ಲ. ನವೀಕರಣದ ನಂತರ ಒಂದೆರಡು ದಿನ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಇಳಿಯಬಹುದು. ಒಳಗಿನ ಹೊಂದಾಣಿಕೆ ನಡೆದಿರುತ್ತದೆ, ತಾನಾಗಿಯೇ ಸರಿಹೋಗುತ್ತದೆ.

ಸ್ಥಳದ ಅನುಮತಿ: ಬೆಳೆ ಸಮೀಕ್ಷೆಗೆ ಮುಖ್ಯ ವಿಷಯ

ನವೀಕರಣದ ನಂತರ ರೈತರು ಹೆಚ್ಚು ತೊಂದರೆಪಡುವುದು ಇಲ್ಲಿಯೇ. ಬೆಳೆ ಸಮೀಕ್ಷೆ ಆ್ಯಪ್‌ಗೆ ನೀವು ಯಾವ ಸರ್ವೆ ನಂಬರಿನ ಹೊಲದಲ್ಲಿ ನಿಂತಿದ್ದೀರಿ ಎಂಬುದು ಗೊತ್ತಾಗಬೇಕು. ಜಿ.ಪಿ.ಎಸ್. ಮೂಲಕ ಅದು ಹೊಲದ ಸೀಮೆಯನ್ನು ಪರಿಶೀಲಿಸುತ್ತದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಸ್ಥಳದ ಅನುಮತಿ ಕೇಳುವಾಗ 'ನಿಖರ' ಮತ್ತು 'ಅಂದಾಜು' ಎಂಬ ಎರಡು ಆಯ್ಕೆಗಳು ಕಾಣುತ್ತವೆ. 'ಅಂದಾಜು' ಎಂದು ಒತ್ತಿದರೆ ಆ್ಯಪ್‌ಗೆ ತಿಳಿಯುವುದು ಸುಮಾರು 3 ಚದರ ಕಿಲೋಮೀಟರಿನೊಳಗೆ ಎಲ್ಲೋ ಇದ್ದೀರಿ ಎಂಬುದಷ್ಟೇ. ಅಂದರೆ ಹತ್ತಿರ ಹತ್ತಿರ 740 ಎಕರೆ! ಎರಡು ಎಕರೆ ಕಬ್ಬಿನ ನಡುವೆ ನಿಂತ ರೈತನಿಗೆ 'ನೀವು ಹೊಲದಲ್ಲಿ ಇಲ್ಲ' ಎಂಬ ಉತ್ತರ ಬಂದರೆ ಆ್ಯಪ್ ಕೆಟ್ಟಿದೆ ಎಂದು ಬೈಯುವ ಮೊದಲು ಈ ಆಯ್ಕೆಯನ್ನು ನೋಡಬೇಕು. ಬೆಳೆ ಸಮೀಕ್ಷೆಗೆ 'ನಿಖರ' ಬೇಕೇ ಬೇಕು. ಟಾರ್ಚಿನ ಆ್ಯಪ್‌ಗೆ ನಮ್ಮ ಸ್ಥಳವೇ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆಂಡ್ರಾಯ್ಡ್ 11ರಿಂದ ಕೆಲವು ತಿಂಗಳು ಬಳಸದೆ ಬಿಟ್ಟ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಫೋನು ತಾನೇ ಹಿಂದಕ್ಕೆ ಪಡೆಯುತ್ತದೆ. ಇದು ಒಳ್ಳೆಯ ಸೌಲಭ್ಯವೇ. ಆದರೆ ಸಮೀಕ್ಷೆಯ ಆ್ಯಪ್ ಹಂಗಾಮಿಗೊಮ್ಮೆ ತೆರೆಯುವಂಥದು. ಮುಂಗಾರಿನಲ್ಲಿ ಸರಿಯಾಗಿ ನಡೆದದ್ದು ಹಿಂಗಾರಿನಲ್ಲಿ ಕ್ಯಾಮೆರಾ ತೆರೆಯುವುದಿಲ್ಲ ಎಂದರೆ ಇದೇ ಕಾರಣವಿರಬಹುದು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ತೆರೆದು ಕ್ಯಾಮೆರಾ ಮತ್ತು ಸ್ಥಳದ ಅನುಮತಿಗಳನ್ನು ಮತ್ತೆ ಕೊಡಬೇಕು. ಉತಾರದಲ್ಲಿ ಬೆಳೆ ತಪ್ಪಾಗಿ ದಾಖಲಾದರೆ ಬೆಂಬಲ ಬೆಲೆಯ ಖರೀದಿ, ವಿಮೆ, ಬೆಳೆಹಾನಿ ಪರಿಹಾರ ಎಲ್ಲದಕ್ಕೂ ಅಡ್ಡಿಯಾಗುತ್ತದೆ. ಸಮೀಕ್ಷೆಯ ಕೊನೆಯ ವಾರದಲ್ಲಿ ಮಾತ್ರ ದೊಡ್ಡ ನವೀಕರಣಕ್ಕೆ ಕೈಹಾಕಬಾರದು. ಹಂಗಾಮಿನ ಮೊದಲೇ ಮುಗಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಸಮೀಕ್ಷೆಗೆ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಮುಂಜಾನೆಯನ್ನು ಇದಕ್ಕಾಗಿಯೇ ಮೀಸಲಿಟ್ಟರೆ ಮುಂದೆ ಹತ್ತು ಹಳ್ಳಿ ತಿರುಗುವುದು ತಪ್ಪುತ್ತದೆ.

ಎಚ್ಚರಿಕೆಯ ಸೂಚನೆಗಳು

2022ರ ಆಂಡ್ರಾಯ್ಡ್ 13ರಿಂದ ಹೊಸದಾಗಿ ಸ್ಥಾಪಿಸಿದ ಆ್ಯಪ್ ಸೂಚನೆ ಕಳಿಸಲು ನಿಮ್ಮ ಒಪ್ಪಿಗೆ ಕೇಳುತ್ತದೆ. ಜಾಹೀರಾತಿನ ಕಾಟಕ್ಕೆ ಬೇಸತ್ತು ಎಲ್ಲದಕ್ಕೂ 'ಬೇಡ' ಎನ್ನುವವರಿದ್ದಾರೆ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ, ವಾರಕ್ಕೆರಡು ಸಲ ಹವಾಮಾನ ಆಧಾರಿತ ಕೃಷಿ ಸಲಹೆ ಕೊಡುವ ಮೇಘದೂತ, ಇವೆರಡಕ್ಕೂ 'ಬೇಕು' ಎನ್ನಬೇಕು.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ನೆರೆ ಗೋಕಾಕ ಪಟ್ಟಣಕ್ಕೆ ನುಗ್ಗಿದ್ದು ಇಲ್ಲಿಯ ಯಾರಿಗೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಒಂದು ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ದೊಡ್ಡ ಸದ್ದಿನೊಂದಿಗೆ ಎಚ್ಚರಿಕೆ ತಲುಪಿಸುವ ವ್ಯವಸ್ಥೆಯನ್ನು ಕೇಂದ್ರದ ದೂರಸಂಪರ್ಕ ಇಲಾಖೆ 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷಿಸಿತು. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಆದರೆ ಫೋನಿನಲ್ಲಿ ಈ ಸೌಲಭ್ಯ ಚಾಲೂ ಇರಬೇಕು. ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ 'ತುರ್ತು ಎಚ್ಚರಿಕೆ' ಎಂದು ಬರೆದು ನೋಡಿ, ಆರಿದ್ದರೆ ಹೊತ್ತಿಸಬೇಕು. ಬರೆಯುವುದು ತ್ರಾಸ ಎನ್ನುವವರು ಕೀಲಿಮಣೆಯ ಮೇಲಿನ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೂ ಆಯಿತು. ಗೂಗಲ್ ಈ ಸೌಲಭ್ಯವನ್ನು ಕನ್ನಡಕ್ಕೆ 2017ರಲ್ಲಿಯೇ ತಂದಿದೆ. ನಮ್ಮ ಕಡೆಯ ಮಾತನ್ನು ಕೆಲವೊಮ್ಮೆ ತಪ್ಪು ತಿಳಿದುಕೊಳ್ಳುತ್ತದೆ, ತುಸು ನಿಧಾನವಾಗಿ ಹೇಳಬೇಕು.

ನವೀಕರಣ ಬಾರದ ಫೋನು

ಕಂಪನಿಗಳು ಎಲ್ಲ ಫೋನಿಗೂ ಒಂದೇ ಸಮನಾಗಿ ನವೀಕರಣ ಕೊಡುವುದಿಲ್ಲ. ಬೆಲೆಬಾಳುವ ಕೆಲವು ಫೋನುಗಳಿಗೆ ಏಳು ವರ್ಷ ಕೊಡುತ್ತೇವೆಂದು 2023ರಿಂದೀಚೆಗೆ ಕಂಪನಿಗಳು ಘೋಷಿಸಿವೆ. ಅಗ್ಗದ ಫೋನುಗಳಿಗೆ ಹಲವು ಸಲ ಎರಡು ಮೂರು ವರ್ಷಕ್ಕೇ ನಿಂತುಹೋಗುತ್ತದೆ. ಇದು ಸಣ್ಣ ರೈತನಿಗೆ ಅನ್ಯಾಯವೇ ಸರಿ. ಬೀಜದ ಚೀಲದ ಮೇಲೆ ಅವಧಿಯ ದಿನಾಂಕ ನೋಡುವಂತೆ ಫೋನು ಕೊಳ್ಳುವಾಗಲೂ ಎಷ್ಟು ವರ್ಷ ಸುರಕ್ಷತಾ ತೇಪೆ ಬರುತ್ತದೆ ಎಂದು ಅಂಗಡಿಯವನನ್ನು ಕೇಳಬೇಕು. ನಿಮ್ಮ ಫೋನಿಗೆ ಕೊನೆಯ ತೇಪೆ ಎಂದು ಬಂದಿದೆ ಎಂಬುದು 'ಫೋನ್ ಕುರಿತು' ಎಂಬಲ್ಲಿ ಆವೃತ್ತಿಯ ಜೊತೆಗೆ ಇರುತ್ತದೆ. ಅದು ಎರಡು ವರ್ಷಕ್ಕಿಂತ ಹಳೆಯದಾಗಿದ್ದು, ಹುಡುಕಿದರೂ ಹೊಸದು ಸಿಗದಿದ್ದರೆ ಆ ಫೋನಿನಿಂದ ಬ್ಯಾಂಕಿನ ಆ್ಯಪ್‌ಗಳನ್ನು ತೆಗೆದು ಮನೆಯಲ್ಲಿರುವ ಬೇರೆ ಒಳ್ಳೆಯ ಫೋನಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಂಕಿನ ಓ.ಟಿ.ಪಿ. ಬರುವ ಸಿಮ್ಮನ್ನೂ ಅದಕ್ಕೇ ಬದಲಿಸಬೇಕು. ಹಳೆಯದನ್ನು ಎಸೆಯಬೇಕಿಲ್ಲ. ಬೇರೆ ಸಿಮ್ ಹಾಕಿ ಹೊಲಕ್ಕೆ ಒಯ್ಯಲು, ರೇಡಿಯೋ ಕೇಳಲು, ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಬೆಳೆಯ ರೋಗದ ಬಗೆಗೆ ಕೇಳಲು ಅದು ಇನ್ನೂ ಸಾಕು.