ಕೆಲಸದ ಪಟ್ಟಿಯಲ್ಲಿ ತಡ ಎಲ್ಲಿ ಅಡಗಿದೆ?



ನಮ್ಮ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿ ಬರುತ್ತದೆ: "ದುಡ್ಡು ಇತ್ತು, ಜನ ಇದ್ರು, ಆದ್ರೂ ಕೆಲ್ಸ ಮುಗೀಲಿಲ್ಲ." ಯಾಕೆ ಅಂತ ಕೇಳಿದರೆ, ಮಳೆ ಬಂತು ಎನ್ನುತ್ತೇವೆ. ಮಳೆ ಪ್ರತಿ ವರ್ಷವೂ ಬರುತ್ತದಲ್ಲ! ಹಾಗಾದರೆ ತಪ್ಪು ಮಳೆಯದಲ್ಲ, ನಾವು ಬರೆದ ಪಟ್ಟಿಯದು. ಕೆಲಸ ಶುರು ಮಾಡುವ ಮೊದಲೇ ಪಟ್ಟಿಯನ್ನು ಪರೀಕ್ಷಿಸಿ, ತಡ ಎಲ್ಲಿ ಆಗಬಹುದು ಎಂದು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಶ್ರೀರಂಗಪಟ್ಟಣದ ಪಾಠ

ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರೆಲ್ಲ ಶ್ರೀರಂಗಪಟ್ಟಣ ದಾಟಿಯೇ ಹೋಗಬೇಕು. ಸುಮಾರು 138 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಜೋಡಿ ಹಳಿ ಹಾಕುವ ಕೆಲಸ ಹಲವು ವರ್ಷ ನಡೆಯಿತು. ಆದರೆ ಶ್ರೀರಂಗಪಟ್ಟಣದ ಹತ್ತಿರ ಒಂದು ಚಿಕ್ಕ ತುಂಡು ಮಾತ್ರ ನಿಂತುಬಿಟ್ಟಿತು. ಹಳಿ ಹೋಗಬೇಕಾದ ಜಾಗದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವಿತ್ತು. ಅದನ್ನು ಕೆಡವುವಂತಿಲ್ಲ, ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ವಿದ್ಯುತ್ ಮಾರ್ಗವಾಗಿ ಬದಲಾದ ಜೋಡಿ ಹಳಿ 2018ರ ಫೆಬ್ರವರಿಯಲ್ಲಿ ಲೋಕಾರ್ಪಣೆ ಆಯಿತು.

ಇದರಲ್ಲಿ ನಮಗೇನು ಪಾಠ? ಬೇರೆ ಕಡೆ ನೂರು ಕಿ.ಮೀ. ಹಳಿಯನ್ನು ಎಷ್ಟೇ ಬೇಗ ಹಾಕಿದರೂ ಆ ಒಂದು ಕಟ್ಟಡ ಸರಿಯುವ ತನಕ ಜೋಡಿ ಮಾರ್ಗ ಪೂರ್ತಿಯಾಗುವುದಿಲ್ಲ. ಕೆಲಸ ಮುಗಿಯುವ ದಿನವನ್ನು ಎಲ್ಲ ಕೆಲಸಗಳೂ ಸೇರಿ ತೀರ್ಮಾನಿಸುವುದಿಲ್ಲ. ಒಂದರ ಹಿಂದೆ ಒಂದು ಕಾಯುವ ಕೆಲಸಗಳ ಅತಿ ಉದ್ದದ ಸರಪಳಿ ತೀರ್ಮಾನಿಸುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂಜಿನಿಯರುಗಳು ಇದನ್ನು ಲೆಕ್ಕ ಹಾಕುವ ಕ್ರಮ ಕಂಡುಕೊಂಡು 'ಕ್ರಿಟಿಕಲ್ ಪಾತ್' ಎಂದು ಹೆಸರಿಟ್ಟರು. ಹೆಸರು ದೊಡ್ಡದು, ಲೆಕ್ಕ ಮಾತ್ರ ಕೂಡುವುದು ಕಳೆಯುವುದು ಅಷ್ಟೆ.

ನಮ್ಮೂರ ಕೆರೆಯ ಲೆಕ್ಕ

ಒಂದು ಊರಿನವರು ಕೆರೆ ಹೂಳು ತೆಗೆಯಬೇಕು ಅಂದುಕೊಳ್ಳಿ. ಅವರ ಪಟ್ಟಿ ಹೀಗಿದೆ:

1. ಗ್ರಾಮಸಭೆಯ ತೀರ್ಮಾನ – 15 ದಿನ
2. ಕೆರೆ ಗಡಿಯ ಸರ್ವೆ – 45 ದಿನ
3. ಅಂದಾಜು ಪಟ್ಟಿ ಮತ್ತು ಮಂಜೂರಾತಿ – 30 ದಿನ
4. ಗೋಡು ಒಯ್ಯುವ ರೈತರ ಪಟ್ಟಿ – 20 ದಿನ
5. ಹೂಳು ತೆಗೆಯುವುದು – 40 ದಿನ
6. ಏರಿ ಮತ್ತು ತೂಬಿನ ದುರಸ್ತಿ – 20 ದಿನ

ನಾಲ್ಕನೆಯ ಕೆಲಸವನ್ನು ಎರಡು, ಮೂರರ ಜೊತೆಜೊತೆಗೇ ಮಾಡಬಹುದು. ಅದಕ್ಕೆ 75 ದಿನದ ಅವಕಾಶ ಇದೆ, ಬೇಕಾಗಿರುವುದು 20. ಉಳಿದ 55 ಸಡಿಲು ದಿನ. ಅಲ್ಲಿ ಹತ್ತು ದಿನ ತಡವಾದರೂ ನಷ್ಟವಿಲ್ಲ. ಆದರೆ ಉಳಿದ ಐದು ಒಂದಕ್ಕೊಂದು ಕಟ್ಟಿಕೊಂಡಿವೆ: 15+45+30+40+20, ಒಟ್ಟು 150 ದಿನ. ಇಲ್ಲಿ ಒಂದು ದಿನ ಜಾರಿದರೆ ಇಡೀ ಕೆಲಸ ಒಂದು ದಿನ ಜಾರುತ್ತದೆ.

ಈಗ ಕ್ಯಾಲೆಂಡರ್ ತೆಗೆಯಿರಿ. ಜನವರಿ 1ಕ್ಕೆ ಶುರು ಮಾಡಿದರೆ ಹೂಳು ತೆಗೆಯಲು ಇಳಿಯುವುದೇ ಏಪ್ರಿಲ್ 1ಕ್ಕೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ಆಮೇಲೆ ಭರಣಿ. ಏರಿ ದುರಸ್ತಿ ಮೇ 11ರಿಂದ 30ರವರೆಗೆ, ಅಂದರೆ ಕೃತ್ತಿಕೆ, ರೋಹಿಣಿ ಮಳೆಯಲ್ಲಿ! ಭರಣಿ ಮಳೆ ಹೊಲಕ್ಕೆ ಬಂದರೆ ಬಂಗಾರ, ಅರ್ಧ ಅಗೆದ ಕೆರೆಗೆ ಬಂದರೆ ಕಂಟಕ. ತೂಬಿಗೆಂದು ಅಗೆದ ಏರಿ ಮಳೆಗೆ ಸಿಕ್ಕಿದರೆ ಕೊಚ್ಚಿಹೋಗಬಹುದು, ಕೆಳಗಿನ ಹೊಲಗಳಿಗೆ ನೀರು ನುಗ್ಗಬಹುದು. ಕಾಗದದ ಮೇಲೆ ಚೆಂದ ಕಾಣುವ ಈ ಪಟ್ಟಿ ಊರಿಗೇ ಅಪಾಯ ತರುವಂಥದ್ದು.

ಅದೇ ಪಟ್ಟಿಯನ್ನು ಅಕ್ಟೋಬರ್ 2ರಂದು ಶುರು ಮಾಡಿ ನೋಡಿ. ಡಿಸೆಂಬರ್ 30ಕ್ಕೆ ಕಾಗದದ ಕೆಲಸ ಮುಗಿಯುತ್ತದೆ. ಹಿಂಗಾರಿನ ನೀರು ಇಳಿಯಲು ಬಿಟ್ಟು, ಫೆಬ್ರವರಿ 15ಕ್ಕೆ ಕೆರೆಗೆ ಇಳಿದರೆ ಮಾರ್ಚ್ 26ಕ್ಕೆ ಹೂಳು ಮುಗಿಯುತ್ತದೆ, ಏಪ್ರಿಲ್ 15ಕ್ಕೆ ಏರಿಯೂ ಆಗುತ್ತದೆ. ಸರ್ವೆ ತಡವಾದರೂ ನಡುವೆ 46 ದಿನ ಕೈಯಲ್ಲಿದೆ. ಕೆಲಸ ಅದೇ, ದಿನ ಅಷ್ಟೇ. ಬದಲಾದದ್ದು ಶುರು ಮಾಡಿದ ದಿನ ಮಾತ್ರ.

ಆದರೂ ಇದರಲ್ಲಿ ಒಂದು ದೋಷ ಉಳಿದಿದೆ, ಗಮನಿಸಿದಿರಾ? ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಏರಿಯ ಕೆಲಸ ಮುಂದಿನ ವರ್ಷಕ್ಕೆ ದಾಟುತ್ತದೆ. ಆ 15 ದಿನದ ಕೂಲಿ ಯಾವ ಹಣದಿಂದ ಅನ್ನೋದನ್ನು ಅಕ್ಟೋಬರಿನಲ್ಲೇ ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು.

ಪಟ್ಟಿಗೆ ಕೇಳಬೇಕಾದ ಪ್ರಶ್ನೆಗಳು

• ಯಾವ ಕೆಲಸದ ಕೀಲಿ ನಮ್ಮ ಕೈಯಲ್ಲಿಲ್ಲ? ಸರ್ವೆ, ಮಂಜೂರಾತಿ, ಬ್ಯಾಂಕ್ ಸಾಲ ಇಂಥವುಗಳ ಅರ್ಜಿ ಮೊದಲ ದಿನವೇ ಹೋಗಲಿ.

• ಒಬ್ಬರೇ ಗಾರೆಯವರು, ಒಂದೇ ಯಂತ್ರ ಎರಡು ಕಡೆ ಒಂದೇ ವಾರ ಬರೆದಿದೆಯೇ?

• ಯುಗಾದಿ, ದಸರಾ, ಊರ ಜಾತ್ರೆ, ಕೊಯ್ಲು, ಚುನಾವಣೆ ನೀತಿ ಸಂಹಿತೆಯ ದಿನಗಳನ್ನು ಕಳೆದಿದ್ದೀರಾ?

• ಅವಸರ ಮಾಡಲಾಗದ ದಿನಗಳು ಯಾವುವು? ಸಿಮೆಂಟ್ ಕೆಲಸಕ್ಕೆ ಕಡೇಪಕ್ಷ 7 ದಿನ ನೀರು ಉಣಿಸಲೇಬೇಕು. ಹೆಚ್ಚು ಆಳು ಹಾಕಿದರೆ ಅದು ಬೇಗ ಗಟ್ಟಿಯಾಗುವುದಿಲ್ಲ.

• 'ಅವರು ಮಾಡ್ತಾರೆ' ಎಂದು ಬರೆದಿದೆಯೇ? ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಇರಲಿ.

ಇನ್ನೊಂದು ಮಾತು. ಪ್ರತಿ ಕೆಲಸಕ್ಕೂ ಐದೈದು ದಿನ ಜಾಸ್ತಿ ಬರೆದುಕೊಳ್ಳುವುದು ಉಪಾಯವಲ್ಲ. ಹೇಗೂ ಸಮಯ ಇದೆಯಲ್ಲ ಅಂತ ಅವು ಸುಮ್ಮನೆ ಕರಗಿಹೋಗುತ್ತವೆ. ಉಳಿಕೆ ದಿನಗಳನ್ನು ಒಂದೇ ಕಡೆ, ಎಲ್ಲರಿಗೂ ಕಾಣುವ ಹಾಗೆ ಇಡಿ. ವಾರದ ಸಭೆಯಲ್ಲಿ "ಎಷ್ಟು ಆಯ್ತು?" ಎಂದು ಕೇಳಿದರೆ "ಮುಕ್ಕಾಲು ಆಗಿದೆ" ಎಂಬ ಉತ್ತರ ಬರುತ್ತದೆ. "ಇನ್ನೆಷ್ಟು ದಿನ ಬೇಕು?" ಎಂದು ಕೇಳಿ. ಕಳೆದ ವಾರವೂ ಹತ್ತು, ಈ ವಾರವೂ ಹತ್ತು ಎಂದರೆ ಕೆಲಸ ನಿಂತಿದೆ ಎಂದೇ ಅರ್ಥ.

ತಡವಾದರೆ ಅದರ ಬೆಲೆ ತೆರುವವರು ಯಾರು? ಸಾಲದ ಬಡ್ಡಿ ಕಟ್ಟುವ ಸದಸ್ಯೆ, ಆ ವರ್ಷದ ನೀರು ಕಳೆದುಕೊಂಡ ರೈತ. ಆದ್ದರಿಂದ ಪಟ್ಟಿಯಲ್ಲಿ ದೋಷ ಹುಡುಕುವವರನ್ನು 'ಅಡ್ಡಬಾಯಿ' ಎನ್ನಬೇಡಿ. ಮುಂದಿನ ಸಭೆಯಲ್ಲಿ ನಿಮ್ಮ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಕ್ಯಾಲೆಂಡರ್ ತೂಗುಹಾಕಿ. ನಮ್ಮ ಕೆಲಸದ 'ಶಸ್ತ್ರಾಗಾರ' ಯಾವುದು ಎಂದು ಎಲ್ಲರೂ ಸೇರಿ ಹುಡುಕಿ. ಮೊದಲು ಅದನ್ನು ಸರಿಸಲು ಹೊರಡೋಣ.