ಉಣುಗನ್ನು ಕೀಳುವ ಬಗೆ

ನಾಯಿಯ ಕಿವಿಯ ಬುಡದಲ್ಲಿ ಉಣುಗು ಕಂಡೊಡನೆ ಸೀಮೆಎಣ್ಣೆ ಸುರಿಯುವವರೂ ಉರಿಯುವ ಕಡ್ಡಿಯನ್ನು ತಾಕಿಸುವವರೂ ನಮ್ಮಲ್ಲಿ ಉಂಟು. ಎರಡೂ ತಪ್ಪು. ಗಂಟೆಗೆ ಕೆಲವೇ ಬಾರಿ ಉಸಿರಾಡುವ ಈ ಜೀವಿ ಎಣ್ಣೆಯಿಂದ ಬೇಗನೆ ಉಸಿರುಗಟ್ಟದು; ಪೀಡೆ ತಾಳದೆ ಜೊಲ್ಲನ್ನು ಗಾಯದೊಳಕ್ಕೆ ಕಕ್ಕಲೂಬಹುದು. ಎರ್ಲಿಕಿಯ ಎಂಬ ರೋಗಾಣುವು ನಾಯಿಯ ರಕ್ತವನ್ನು ಸೇರುವುದು ಆ ಜೊಲ್ಲಿನ ಮೂಲಕವೇ.

ಉಣುಗಿನ ಮೂತಿಯಲ್ಲಿ ಗಾಳಕ್ಕಿರುವಂತೆ ಹಿಮ್ಮುಖವಾದ ಮುಳ್ಳುಗಳಿವೆ. ಥಟ್ಟನೆ ಜಗ್ಗಿದರೆ ಮೂತಿ ಮುರಿದು ಒಳಗೇ ಉಳಿದೀತು. ಆದುದರಿಂದ ಮೊನಚಾದ ಚಿಮಟದಿಂದ, ಚರ್ಮಕ್ಕೆ ತಾಗುವಷ್ಟು ಸಮೀಪದಲ್ಲಿ ಹಿಡಿದು, ಏಕರೀತಿಯ ಬಲದಿಂದ ನೇರವಾಗಿ ಮೇಲಕ್ಕೆ ಎಳೆಯಬೇಕು, ಹೊಟ್ಟೆಯನ್ನು ಹಿಸುಕಬಾರದು. ಕಿತ್ತುದನ್ನು ಉಗುರಿನಿಂದ ಕುಕ್ಕದೆ ಮದ್ಯಸಾರದಲ್ಲಿ ಮುಳುಗಿಸಿರಿ.

ಗಾಯವನ್ನು ಸಾಬೂನುನೀರಿನಿಂದ ತೊಳೆದು, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಅಲ್ಲಿ ಸಣ್ಣ ಗಂಟು ಕೆಲವು ದಿನ ಉಳಿದರೆ ಅಂಜಬೇಕಾಗಿಲ್ಲ. ಆದರೆ ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರವೋ ಆಹಾರದಲ್ಲಿ ಅರುಚಿಯೋ ಮೂಗಿನಲ್ಲಿ ರಕ್ತವೋ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.