ಮೊಟ್ಟೆಯ ಜಗಳ, ತಕ್ಕಡಿಯ ಸಾಕ್ಷಿ

2021ರ ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಬಿಸಿಯೂಟದ ತಟ್ಟೆಗೆ ಬೇಯಿಸಿದ ಮೊಟ್ಟೆ ಬಂತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ವಿಜಯಪುರಕ್ಕೂ ಸೇರಿ ಸರ್ಕಾರ ಮಾಡಿದ ಪ್ರಯೋಗವದು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು.

ಮೊಟ್ಟೆ ಹೊಸದಾದರೂ ಹಿಂದುಳಿದವರೆಂಬ ಅಳತೆಯೇನೂ ಈ ಸೀಮೆಗೆ ಹೊಸದಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟು ತಾಲ್ಲೂಕುಗಳನ್ನು ಅಳೆದಾಗ ಈ ಮೂರೂ ‘ಅತ್ಯಂತ ಹಿಂದುಳಿದ’ ಪಟ್ಟಿ ಸೇರಿದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯಕ್ಕೇ ಕೊನೆ. 2018ರಿಂದ ನೀತಿ ಆಯೋಗ ‘ಮಹತ್ವಾಕಾಂಕ್ಷಿ ಜಿಲ್ಲೆ’ಯೆಂದು 49 ಸೂಚಕಗಳ ಮೇಲೆ ರ‍್ಯಾಂಕ್ ಕೊಡತೊಡಗಿತು. ಯಾದಗಿರಿಯ ಶೇ 74ರಷ್ಟು ಮಕ್ಕಳಿಗೆ ರಕ್ತಹೀನತೆ, ಅಪೌಷ್ಟಿಕತೆ ಎಂಬ ಲೆಕ್ಕವೂ ಸರ್ಕಾರದ ಕೈಯಲ್ಲಿತ್ತು. ಇಷ್ಟೆಲ್ಲ ಗೊತ್ತಿದ್ದೂ ಒಂದು ಮೊಟ್ಟೆ ತಟ್ಟೆಗೆ ಬೀಳಲು ಎಷ್ಟು ವರ್ಷ ಬೇಕಾಯಿತು ಎಂದು ನೆನೆದರೆ ಸಂಕಟವಾಗುತ್ತದೆ.

ಬಿದ್ದ ಕೂಡಲೇ ಜಗಳ. ಕೆಲವು ಲಿಂಗಾಯತ ಮಠಾಧೀಶರು ಶಾಲೆಯಲ್ಲಿ ಮೊಟ್ಟೆ ಬೇಡವೆಂದರು. ಮಕ್ಕಳಲ್ಲಿ ಭೇದ ಹುಟ್ಟುತ್ತದೆ, ಕೊಡುವುದಾದರೆ ಎಲ್ಲರೂ ತಿನ್ನುವಂಥದ್ದನ್ನು ಕೊಡಿ ಎಂಬುದು ಅವರ ವಾದ. ಉತ್ತರ ಬಂದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ಗುಡುಗಿದಳು. ಆ ವಿಡಿಯೊ ನಾಡೆಲ್ಲ ಹರಿದಾಡಿತು. ಹಸಿದವರ ಪರವಾಗಿ ದೊಡ್ಡವರು ಮಾತಾಡುತ್ತಿದ್ದ ಹೊತ್ತಿನಲ್ಲಿ ಉಣ್ಣುವವಳೇ ಬಾಯಿ ತೆರೆದಿದ್ದಳು; ಇಡೀ ಪ್ರಸಂಗದಲ್ಲಿ ಅದಕ್ಕಿಂತ ನೇರವಾದ ಮಾತು ಇನ್ನೊಂದಿಲ್ಲ.

ಆದರೆ ಸರ್ಕಾರಕ್ಕೆ ಕಾಗದ ಬೇಕು. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅದನ್ನು ಒದಗಿಸಿತು. ಮೊಟ್ಟೆ ಸಿಗುವ ಯಾದಗಿರಿ, ಸಿಗದ ಗದಗ: ಎರಡೂ ಕಡೆಯ ಮಕ್ಕಳ ತೂಕ, ಎತ್ತರ ಬರೆದುಕೊಂಡು ತಾಳೆ ನೋಡಿದರು. ಎಂಟನೇ ತರಗತಿಯ ಹುಡುಗಿಯರ ತೂಕದ ಏರಿಕೆ ಗದಗಕ್ಕಿಂತ ಯಾದಗಿರಿಯಲ್ಲಿ ಶೇ 71ರವರೆಗೂ ಹೆಚ್ಚಿತ್ತು. ಅಂದರೆ ಗದಗದವಳು ಒಂದು ಕಿಲೊ ಏರಿದರೆ ಯಾದಗಿರಿಯವಳು ಒಂದೂಮುಕ್ಕಾಲಿನ ಹತ್ತಿರ. ಕೆಲವೇ ತಿಂಗಳ ಲೆಕ್ಕ, ಎರಡು ಜಿಲ್ಲೆಗಳ ಬದುಕೂ ಒಂದೇ ಅಲ್ಲ. ಏರಿದ್ದೆಲ್ಲ ಮೊಟ್ಟೆಯೊಂದರಿಂದಲೇ ಎನ್ನಲಾಗದು. ಆದರೂ 49 ಸೂಚಕಗಳ ಪಟ್ಟಿ ಮಾಡದ ಕೆಲಸವನ್ನು ಈ ಸಣ್ಣ ತೂಕ ಮಾಡಿತು. ಏನನ್ನು ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ಅಳೆದದ್ದು ಇದು; ಯಾರು ಹಿಂದೆ ಎಂದು ಸಾರಲು ಅಲ್ಲ.

2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು, ವರ್ಷಕ್ಕೆ 46 ದಿನ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನವಾಯಿತು.

ಉಳಿದದ್ದು ಗುಳೆಯ ಮಾತು. ಸುಗ್ಗಿ ಮುಗಿದ ಮೇಲೆ ಈ ತಾಲ್ಲೂಕುಗಳಿಂದ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಜೊತೆಗೆ ಹೋದ ಮಕ್ಕಳಿಗೆ ಆ ತಿಂಗಳುಗಳಲ್ಲಿ ಊರಿನ ಶಾಲೆಯ ಮೊಟ್ಟೆಯೂ ಇಲ್ಲ, ತಕ್ಕಡಿಯೂ ಇಲ್ಲ. ಮುಂದಿನ ಅಧ್ಯಯನ ಮಾಡುವವರು ಕಟ್ಟಡದ ತಗಡಿನ ಶೆಡ್ಡುಗಳಿಗೂ ಹೋಗಬೇಕು.